ಘಾನಾದಲ್ಲಿ ಕರೆಂಟು ಹೋಗಿದ್ದಾಗ ಉಳಿದ ಪ್ರತಿ

2017ರ ಜೂನ್ 27ರಂದು ಡೆನ್ಮಾರ್ಕಿನ ಹಡಗು ಸಾಗಣೆ ಕಂಪನಿ ಮಾರ್ಸ್ಕ್‌ನ ಕಚೇರಿಗಳಲ್ಲಿ ಕಂಪ್ಯೂಟರ್ ಪರದೆಗಳು ಸಾಲುಸಾಲಾಗಿ ಕಪ್ಪಾದವು. ನಾಟ್‌ಪೆಟ್ಯಾ ಎಂಬ ಕುತಂತ್ರಾಂಶ ಉಕ್ರೇನಿನಿಂದ ಹೊರಟು ಕಂಪನಿಯ ಜಾಲದೊಳಕ್ಕೆ ನುಗ್ಗಿತ್ತು. ಯಾರು ಯಾವ ಕಂಪ್ಯೂಟರಿಗೆ ಲಾಗಿನ್ ಆಗಬಹುದು ಎಂಬ ಲೆಕ್ಕವಿಡುವ ಡೊಮೈನ್ ಕಂಟ್ರೋಲರ್‌ಗಳು ಅಲ್ಲಿ ಸುಮಾರು 150 ಇದ್ದವು. ಒಂದರಲ್ಲಿ ಇದ್ದದ್ದು ಉಳಿದೆಲ್ಲದರಲ್ಲೂ ಇರುತ್ತಿತ್ತು. ಒಂದು ಕೆಟ್ಟರೆ ಇನ್ನೊಂದಿದೆ ಎಂಬ ಧೈರ್ಯ. ಆದರೆ ಎಲ್ಲವೂ ಒಂದೇ ಜಾಲಕ್ಕೆ ಕಟ್ಟಿಕೊಂಡಿದ್ದವು, ಹಾಗಾಗಿ ಒಟ್ಟಿಗೇ ಅಳಿಸಿಹೋದವು.

ಉಳಿದದ್ದು ಘಾನಾ ದೇಶದ ಕಚೇರಿಯದ್ದೊಂದೇ. ದಾಳಿಗೆ ಸ್ವಲ್ಪ ಮೊದಲು ಅಲ್ಲಿ ಕರೆಂಟು ಹೋಗಿ, ಆ ಯಂತ್ರ ಜಾಲದಿಂದ ಕಳಚಿಕೊಂಡಿತ್ತು. ಅಲ್ಲಿನ ಇಂಟರ್ನೆಟ್ ತೀರಾ ನಿಧಾನ. ಕೊನೆಗೆ ಆ ದತ್ತಾಂಶವಿದ್ದ ಡಿಸ್ಕನ್ನೇ ನೈಜೀರಿಯಾದಲ್ಲಿ ಕೈ ಬದಲಿಸಿ ವಿಮಾನದಲ್ಲಿ ಇಂಗ್ಲೆಂಡಿಗೆ ಒಯ್ದರು. ಅಲ್ಲಿಂದ ಹತ್ತು ದಿನಗಳಲ್ಲಿ 4,000 ಸರ್ವರ್‌ಗಳನ್ನೂ 45,000 ಕಂಪ್ಯೂಟರ್‌ಗಳನ್ನೂ ಹೊಸದಾಗಿ ಕಟ್ಟಿ ನಿಲ್ಲಿಸಿದರು.

ನಮ್ಮ ಮನೆಗಳಲ್ಲಿ ಬ್ಯಾಕಪ್ ಎಂದು ಕರೆಸಿಕೊಳ್ಳುವುದು ಬಹುಪಾಲು ಆ 150ರ ಜಾತಿಯದ್ದೇ. ಗೂಗಲ್ ಡ್ರೈವ್, ಒನ್‌ಡ್ರೈವ್‌ಗಳು ಲ್ಯಾಪ್‌ಟಾಪಿನ ಫೋಲ್ಡರಿಗೆ ಕನ್ನಡಿ ಹಿಡಿದಂತೆ ಕೆಲಸ ಮಾಡುತ್ತವೆ. ಇಲ್ಲಿ ಮಗುವಿನ ಫೋಟೊಗಳು ಅಳಿಸಿದರೆ ಅಲ್ಲೂ ಅಳಿಸುತ್ತವೆ. ಗೂಗಲ್ ಡ್ರೈವಿನ ಕಸದ ಬುಟ್ಟಿಯಲ್ಲಿ 30 ದಿನ ಇರುತ್ತವೆ, ಆಮೇಲೆ ಇಲ್ಲ. ಎರಡು ಡಿಸ್ಕಿಗೆ ಒಟ್ಟಿಗೇ ಬರೆಯುವ ರೇಡ್ ಪೆಟ್ಟಿಗೆಗಳೂ ಅಷ್ಟೇ: ಡಿಸ್ಕ್ ಕೆಟ್ಟರೆ ಕಾಯುತ್ತವೆ, ನಮ್ಮ ಕೈತಪ್ಪಿನಿಂದ ಕಾಯುವುದಿಲ್ಲ. ಹೀಗೆ ಎರಡು ಕಡೆಯೂ ಒಂದೇ ಆಗಿರುವಂತೆ ನೋಡಿಕೊಳ್ಳುವ ಸಿಂಕ್ ಬೇರೆ, ಬ್ಯಾಕಪ್ ಬೇರೆ. ಈ ಒಂದು ಮಾತನ್ನು ಎಷ್ಟು ಸಲ ಹೇಳಲೂ ನನಗೆ ಬೇಸರವಿಲ್ಲ.

ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ 3-2-1 ಸೂತ್ರ ಇಲ್ಲಿ ನೆರವಿಗೆ ಬರುತ್ತದೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯಿಂದಾಚೆ. ನಾನು ಹೇಳುವುದು ಇನ್ನೂ ಸರಳ: ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಕೊಳ್ಳಿ, ವಾರಕ್ಕೊಮ್ಮೆ ಚುಚ್ಚಿ, ವಿಂಡೋಸಿನ ಫೈಲ್ ಹಿಸ್ಟರಿ ಅಥವಾ ಮ್ಯಾಕಿನ ಟೈಮ್ ಮಷೀನ್ ಎಂಬ ಬ್ಯಾಕಪ್ ತಂತ್ರಾಂಶ ಓಡಿಸಿ, ಕೆಲಸ ಮುಗಿದ ಕೂಡಲೇ ಕೇಬಲ್ ಕಿತ್ತಿಡಿ. ಕಿತ್ತಿಡುವುದೇ ಮುಖ್ಯ. ಫೈಲುಗಳಿಗೆ ಬೀಗ ಹಾಕಿ, ಬಿಡಿಸಲು ಹಣ ಕೇಳುವ ರ‍್ಯಾನ್ಸಮ್‌ವೇರ್ ಬಂದಾಗ ಕೇಬಲ್ಲಿಗೆ ಅಂಟಿಕೊಂಡಿರುವ ಡಿಸ್ಕನ್ನೂ ಬಿಡುವುದಿಲ್ಲ. ಇನ್ನೊಂದು ಡಿಸ್ಕ್ ಅಕ್ಕನ ಮನೆಯಲ್ಲೋ ಊರಿನ ಬೀರುವಿನಲ್ಲೋ ಇರಲಿ. ಕಳ್ಳನೋ ಬೆಂಕಿಯೋ ಒಂದೇ ದಿನ ಎರಡೂ ಮನೆಗೆ ಬರುವುದು ಅಪರೂಪ. ವರ್ಷಗಟ್ಟಲೆ ಬೀರುವಿನಲ್ಲಿಡಲು ಎಸ್‌ಎಸ್‌ಡಿ ಬೇಡ. ಅದು ಸೂಕ್ಷ್ಮ ಕೋಶಗಳಲ್ಲಿ ವಿದ್ಯುದಾವೇಶ ಹಿಡಿದಿಟ್ಟು ನೆನಪಿಡುತ್ತದೆ, ಕರೆಂಟಿಲ್ಲದೆ ಬಿದ್ದಿದ್ದರೆ ಆ ಆವೇಶ ಮೆಲ್ಲಗೆ ಸೋರುತ್ತದೆ.

ಪ್ರತಿ ಇದ್ದರೆ ಸಾಲದು, ಅದು ತೆರೆಯಬೇಕು. 2017ರ ಜನವರಿ 31ರಂದು, ತಂತ್ರಾಂಶ ಬರೆಯುವವರ ಕೋಡ್ ಇಟ್ಟುಕೊಳ್ಳುವ ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರೊಬ್ಬರು ತಪ್ಪು ಸರ್ವರಿನಲ್ಲಿ ಅಳಿಸುವ ಆಜ್ಞೆ ಕೊಟ್ಟರು. ಕಂಪನಿಗೆ ಐದು ಬಗೆಯ ಬ್ಯಾಕಪ್ ವಿಧಾನಗಳಿದ್ದವು, ಒಂದೂ ನಂಬುವಂತಿರಲಿಲ್ಲ. ಬೇರೆ ಯಾವುದೋ ಕೆಲಸಕ್ಕೆಂದು ಆರು ಗಂಟೆ ಮೊದಲು ತೆಗೆದಿದ್ದ ಒಂದು ಪ್ರತಿ ಅವರನ್ನು ಉಳಿಸಿತು. ಆ ಬ್ಯಾಕಪ್‌ಗಳಿಂದ ಮರಳಿ ಪಡೆಯುವುದನ್ನು ಯಾರೂ ನಿಯಮಿತವಾಗಿ ಪರೀಕ್ಷಿಸುತ್ತಿರಲಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಇದರಲ್ಲಿ ಇನ್ನೊಂದು ಸುಳಿಯಿದೆ. ನನ್ನ ಗೆಳೆಯರೊಬ್ಬರು ಬಹಳ ಹಿಂದೆ ತಮ್ಮ ತಾಯಿಯಿಂದ ಹೇಳಿಸಿ ಸೋಬಾನೆ ಪದಗಳನ್ನು ಟೈಪು ಮಾಡಿಟ್ಟಿದ್ದರು. ತಾಯಿ ತೀರಿಕೊಂಡ ಮೇಲೆ ಹಳೆಯ ಡಿಸ್ಕ್ ತೆಗೆದರು. ಫೈಲು ಒಂದು ಬೈಟೂ ಹಾಳಾಗದೆ ಇತ್ತು. ತೆರೆದರೆ ತಲೆಯ ಮೇಲೆ ಗುರುತು ಹೊತ್ತ ರೋಮನ್ ಅಕ್ಷರಗಳ ರಾಶಿ. ಅದು ಎಲ್ಲ ಕಂಪ್ಯೂಟರಿಗೂ ಒಂದೇ ಅಕ್ಷರ ಸಂಕೇತವಾದ ಯೂನಿಕೋಡಿಗೆ ಮೊದಲಿನ ನುಡಿ ಫಾಂಟಿನಲ್ಲಿ ಬರೆದದ್ದು; ಅಂಥ ಫೈಲಿನಲ್ಲಿ ಇರುವುದು ಫಾಂಟಿನ ಸಂಕೇತಗಳು ಮಾತ್ರ, ಅಕ್ಷರದ ಆಕಾರ ಕೊಡುವುದು ಫಾಂಟು. ಹೊಸ ಕಂಪ್ಯೂಟರಿನಲ್ಲಿ ಆ ಫಾಂಟು ಇರಲಿಲ್ಲ.

ಹಳೆಯ ನುಡಿ ಹುಡುಕಿ ಹಾಕಿದೆವು. ಮೊದಲ ಪದ ಪರದೆಯ ಮೇಲೆ ಮೂಡಿದಾಗ ಅವರು ಅದನ್ನು ತಾಯಿಯ ರಾಗದಲ್ಲೇ ಓದಿದರು. ಆ ರಾತ್ರಿಯೇ ಎಲ್ಲವನ್ನೂ ಯೂನಿಕೋಡಿಗೆ ತಿರುಗಿಸಿ, ಮೂಲ ಫೈಲು, ಫಾಂಟು, ಹೊಸ ಪ್ರತಿ ಮೂರನ್ನೂ ಎರಡು ಡಿಸ್ಕಿಗೆ ಹಾಕಿದೆವು. ಒಂದು ಈಗ ಅವರ ತಂಗಿಯ ಮನೆಯಲ್ಲಿದೆ.