ಹೊಡೆದು ಹಾಕಿದ ಸಂಖ್ಯೆಗಳು

“ಸರ್, ಕ್ರಿಯಾಟಿನಿನ್ 0.9 ಇದ್ದದ್ದು 1.05 ಆಗಿದೆ. ಮಾತ್ರೆ ಬದಲಿಸಿಬಿಡಲಾ?”

ಎಚ್‌ಐವಿ ಚಿಕಿತ್ಸೆ ಕೊಡುವ ನಮ್ಮಂಥ ಹತ್ತು-ಹನ್ನೆರಡು ಮಂದಿ ವೈದ್ಯರು ಆಗಾಗ ಸೇರುವ ವಿಡಿಯೊ ತರಗತಿಯಲ್ಲಿ ಬಂದ ಪ್ರಶ್ನೆ ಇದು. ಕೇಳಿದವರು ತಾಲ್ಲೂಕು ಆಸ್ಪತ್ರೆಯೊಂದಕ್ಕೆ ಹೊಸದಾಗಿ ಸೇರಿದ್ದ ವೈದ್ಯೆ. ಯಾರೋ ಮೈಕ್ ಆರಿಸಲು ಮರೆತಿದ್ದರು, ಅವರ ಮನೆಯ ಕುಕ್ಕರ್ ಸೀಟಿ ಹೊಡೆಯುತ್ತಿತ್ತು. ರೋಗಿಗೆ ನಲವತ್ತೆರಡು ವರ್ಷ. ಚಿಕಿತ್ಸೆ ಶುರುವಾಗಿ ಒಂದು ತಿಂಗಳು. ಸಕ್ಕರೆ ಕಾಯಿಲೆ, ಬಿಪಿ ಏನೂ ಇಲ್ಲ.

ಈಗ ಎಚ್‌ಐವಿಗೆ ಕೊಡುವುದು ದಿನಕ್ಕೊಂದೇ ಮಾತ್ರೆ. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಎಂಬ ಮೂರು ಔಷಧಿಗಳು ಅದರಲ್ಲೇ ಅಡಕ. ವೈದ್ಯರ ಬಾಯಲ್ಲಿ ಅದು ಟಿಎಲ್‌ಡಿ. ತಮಾಷೆ ಏನೆಂದರೆ, ಈ ಮೂರರಲ್ಲಿ ಒಂದು ನಿಜವಾಗಿಯೂ ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲದು, ಇನ್ನೊಂದು ಪೆಟ್ಟು ಬಿದ್ದಂತೆ ಬರೀ ನಾಟಕ ಆಡುತ್ತದೆ. ಆ ವೈದ್ಯೆಯ ಮುಂದಿದ್ದ ವರದಿಯಲ್ಲಿ ಯಾವುದರ ಕೈವಾಡ?

ಕ್ರಿಯಾಟಿನಿನ್ ಸ್ನಾಯುಗಳು ಹೊರಹಾಕುವ ಕಸ. ರಕ್ತದಲ್ಲಿ ಅದು ಏರಿದರೆ ಮೂತ್ರಪಿಂಡ ಸೋಲುತ್ತಿದೆಯೇನೋ ಎಂಬ ಅನುಮಾನ. ಮೂತ್ರಪಿಂಡ ಅದನ್ನು ಎರಡು ದಾರಿಯಲ್ಲಿ ಸಾಗಹಾಕುತ್ತದೆ. ಬಹುಪಾಲು ಸೋಸುವಿಕೆಯಿಂದ ಹೋಗುತ್ತದೆ, ಸ್ವಲ್ಪ ಭಾಗವನ್ನು ಸೂಕ್ಷ್ಮ ನಳಿಕೆಗಳ ಗೋಡೆಯೇ ಹೊರಕ್ಕೆ ದಬ್ಬುತ್ತದೆ. ಮದುವೆ ಛತ್ರಕ್ಕೆ ಮುಂಬಾಗಿಲು, ಹಿತ್ತಲ ಬಾಗಿಲು ಇದ್ದ ಹಾಗೆ. ಡೊಲುಟೆಗ್ರಾವಿರ್ ಹಿತ್ತಲ ಬಾಗಿಲನ್ನು ಅರ್ಧ ಮುಚ್ಚುತ್ತದೆ, ಅಷ್ಟೆ. ಒಳಗೆ ಜನ ಒಂದಿಷ್ಟು ಹೆಚ್ಚು ನಿಂತಂತೆ ಕಾಣುತ್ತದೆ, ಆದರೆ ಮುಂಬಾಗಿಲು ಸರಿಯಾಗಿಯೇ ಇರುತ್ತದೆ. ಮೊದಲ ಕೆಲವು ವಾರಗಳಲ್ಲಿ ಕ್ರಿಯಾಟಿನಿನ್ 0.1ರಿಂದ 0.15ರಷ್ಟು ಏರಿ ಅಲ್ಲೇ ನಿಲ್ಲುತ್ತದೆ. ಟೆನೊಫೊವಿರ್ ಮಾಡುವ ಹಾನಿಯ ನಡೆ ಬೇರೆ. ಆಗ ಕ್ರಿಯಾಟಿನಿನ್ ತಿಂಗಳುಗಟ್ಟಲೆ ಏರುತ್ತಾ ಹೋಗುತ್ತದೆ, ಮೂತ್ರದಲ್ಲಿ ಪ್ರೋಟೀನ್ ಕಾಣಿಸಿಕೊಳ್ಳುತ್ತದೆ, ಕೆಲವೊಮ್ಮೆ ರಕ್ತದಲ್ಲಿ ಸಕ್ಕರೆ ಸರಿಯಿದ್ದರೂ ಮೂತ್ರದಲ್ಲಿ ಸಕ್ಕರೆ ಬರುತ್ತದೆ.

ತರಗತಿ ನಡೆಸುತ್ತಿದ್ದ ಹಿರಿಯರು ಉತ್ತರ ಹೇಳಲಿಲ್ಲ. “ಯೂರಿನ್ ನೋಡಿದ್ರಾ?” ಅಂದರು. ನೋಡಿರಲಿಲ್ಲ. ಮುಂದಿನ ವಾರ ವರದಿ ಬಂತು, ಮೂತ್ರದಲ್ಲಿ ಏನೂ ಇರಲಿಲ್ಲ. ಮಾತ್ರೆ ಬದಲಾಗಲಿಲ್ಲ. ಒಂದು ಒಳ್ಳೆಯ ಔಷಧಿ ಸುಮ್ಮನೆ ಕೈತಪ್ಪದೆ ಹೀಗೆ ಉಳಿಯಿತು.

ವೈದ್ಯರ ನಿರಂತರ ಶಿಕ್ಷಣ, ಅಂದರೆ ಸಿಎಂಇ, ಎಂದರೆ ನೀವು ಬೇರೇನನ್ನೋ ಊಹಿಸಿಕೊಂಡಿರಬಹುದು. ಹೋಟೆಲಿನ ತಣ್ಣನೆಯ ಸಭಾಂಗಣ, ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರಗಳ ಸ್ಲೈಡು, ಊಟಕ್ಕೆ ಮುಂಚೆ ಒಂದು ಸಹಿ, ಊಟವಾದ ಮೇಲೆ ಒಂದು ನಿದ್ದೆ. ನೋಂದಣಿ ನವೀಕರಣಕ್ಕೆ ಕ್ರೆಡಿಟ್ ಪಾಯಿಂಟ್ ಬೇಕಲ್ಲ, ಹಾಗಾಗಿ ನಾನೂ ಅಂಥ ಎಷ್ಟೋ ಊಟ ಮಾಡಿದ್ದೇನೆ. ಬರೀ ಉಪನ್ಯಾಸ ಕೇಳಿದರೆ ವೈದ್ಯರ ಕೈ ಬದಲಾಗುವುದಿಲ್ಲ, ಪ್ರಶ್ನೋತ್ತರ ಮತ್ತು ಅಭ್ಯಾಸ ಇದ್ದರೆ ಬದಲಾಗಬಹುದು ಎಂದು 1999ರಲ್ಲೇ ಡೇವಿಡ್ ಡೇವಿಸ್ ಮತ್ತು ಸಂಗಡಿಗರು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ತೋರಿಸಿದ್ದರು. ನಾಲ್ಕು ವರ್ಷಗಳ ನಂತರ ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಸಂಜೀವ್ ಅರೋರಾ ಎಂಬ ಯಕೃತ್ ತಜ್ಞರು ‘ಎಕೊ’ ಎಂಬ ಯೋಜನೆ ಶುರುಮಾಡಿದರು. ಹೆಪಟೈಟಿಸ್ ಸಿ ರೋಗಿಗಳು ಅವರನ್ನು ಕಾಣಲು ತಿಂಗಳುಗಟ್ಟಲೆ ಕಾಯಬೇಕಿತ್ತು. ರೋಗಿ ನಗರಕ್ಕೆ ಬರುವ ಬದಲು ಹಳ್ಳಿಯ ವೈದ್ಯರೇ ವಾರಕ್ಕೊಮ್ಮೆ ವಿಡಿಯೊದಲ್ಲಿ ತಮ್ಮ ರೋಗಿಯ ಕಥೆಯನ್ನು ತಜ್ಞರ ಮುಂದಿಟ್ಟರೆ? 2011ರ ಫಲಿತಾಂಶದಲ್ಲಿ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಗುಣವಾದವರು ಶೇ 57.5, ಹೀಗೆ ಕಲಿತ ಹಳ್ಳಿ ವೈದ್ಯರ ಕೈಯಲ್ಲಿ ಶೇ 58.2. ನಮ್ಮ ನಿಮ್ಹಾನ್ಸ್ ಇದೇ ಮಾದರಿಯಲ್ಲಿ ವ್ಯಸನ ಮತ್ತು ಮಾನಸಿಕ ಕಾಯಿಲೆಗಳ ತರಬೇತಿ ಕೊಡುತ್ತದೆ. ನಮ್ಮ ಕುಕ್ಕರ್ ಸೀಟಿಯ ತರಗತಿಯೂ ಅದರದೇ ದೂರದ ಸಂಬಂಧಿ.

ಎಚ್‌ಐವಿಯ ವಿಷಯದಲ್ಲಿ ಇಂಥ ತರಗತಿ ಯಾಕೆ ಇಷ್ಟು ಬೇಕಾಗುತ್ತದೆ ಎಂಬುದು ನನ್ನ ಹಳೆಯ ನೋಟ್‌ಬುಕ್ಕಿನ ಒಂದು ಪುಟ ನೋಡಿದರೆ ಗೊತ್ತಾಗುತ್ತದೆ. ‘ಚಿಕಿತ್ಸೆ ಯಾವಾಗ ಆರಂಭಿಸಬೇಕು?’ ಎಂಬ ಶೀರ್ಷಿಕೆ. ಕೆಳಗೆ 200. ಅದನ್ನು ಹೊಡೆದು 350. ಅದನ್ನೂ ಹೊಡೆದು 500. ಕೊನೆಗೆ ಅದಕ್ಕೂ ಗೆರೆ ಎಳೆದು ‘ಎಲ್ಲರಿಗೂ’.

ಇವು ಸಿಡಿ4 ಎಂಬ, ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳ ಲೆಕ್ಕ. ಅವು ಎಷ್ಟಕ್ಕೆ ಇಳಿದಾಗ ಚಿಕಿತ್ಸೆ ಶುರುಮಾಡಬೇಕು ಎಂಬುದೇ ಪ್ರಶ್ನೆ. ಆರೋಗ್ಯವಂತರಲ್ಲಿ ಸಾಮಾನ್ಯವಾಗಿ ರಕ್ತದ ಒಂದು ಘನ ಮಿಲಿಮೀಟರಿಗೆ 500ಕ್ಕಿಂತ ಹೆಚ್ಚಿರುವ ಈ ಕಣಗಳನ್ನೇ ವೈರಸ್ ತಿನ್ನುವುದು. 1996ರಲ್ಲಿ ಮೂರು ಔಷಧಿಗಳ ಜೋಡಣೆ ಸಾವನ್ನು ತಡೆಯುತ್ತದೆ ಎಂದು ಗೊತ್ತಾದಾಗ ‘ಬೇಗ ಹೊಡಿ, ಬಲವಾಗಿ ಹೊಡಿ’ ಎಂಬ ಹುರುಪಿತ್ತು. ಕೆಲವೇ ವರ್ಷಗಳಲ್ಲಿ ಔಷಧಿಗಳ ಅಡ್ಡಪರಿಣಾಮ ಕಂಡು ವೈದ್ಯರು ಹಿಂದೆ ಸರಿದರು. ವಿಷದಂಥ ಮಾತ್ರೆಯನ್ನು ಜೀವನಪೂರ್ತಿ ಕೊಡುವುದಾದರೆ ಆದಷ್ಟು ತಡವಾಗಿ ಶುರುಮಾಡೋಣ, ನಡುನಡುವೆ ರಜೆಯನ್ನೂ ಕೊಡೋಣ ಎಂಬ ತರ್ಕ. ಕೇಳಲು ಎಷ್ಟು ಸಮಂಜಸ! 5,472 ಜನರನ್ನು ಸೇರಿಸಿಕೊಂಡ ಸ್ಮಾರ್ಟ್ ಅಧ್ಯಯನ 2006ರಲ್ಲಿ ಆ ತರ್ಕವನ್ನು ಮಗುಚಿ ಹಾಕಿತು. ಔಷಧಿಗೆ ರಜೆ ಕೊಟ್ಟವರಲ್ಲಿ ಗಂಭೀರ ಸೋಂಕು ಅಥವಾ ಸಾವಿನ ಅಪಾಯ ಎರಡೂವರೆ ಪಟ್ಟಿಗೂ ಹೆಚ್ಚು. ಅಷ್ಟೇ ಅಲ್ಲ, ಹೃದಯ, ಮೂತ್ರಪಿಂಡ, ಯಕೃತ್ತಿನ ತೊಂದರೆಗಳು ಔಷಧಿಯಿಂದ ಬರುತ್ತವೆ ಎಂದು ನಾವು ಹೆದರುತ್ತಿದ್ದೆವಲ್ಲ, ಅವೂ ಔಷಧಿ ಬಿಟ್ಟವರಲ್ಲೇ ಹೆಚ್ಚು ಬಂದವು. ಉಳಿದಿದ್ದ ಅನುಮಾನವನ್ನು 2015ರಲ್ಲಿ 35 ದೇಶಗಳ ಸ್ಟಾರ್ಟ್ ಅಧ್ಯಯನ ತೀರಿಸಿತು. ಸಿಡಿ4 500ರ ಮೇಲಿರುವಾಗಲೇ ಚಿಕಿತ್ಸೆ ಶುರುಮಾಡಿದವರಲ್ಲಿ ಗಂಭೀರ ಕಾಯಿಲೆ ಮತ್ತು ಸಾವು ಶೇ 57ರಷ್ಟು ಕಡಿಮೆ. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ‘ಎಲ್ಲರಿಗೂ’ ಎಂದಿತು, 2017ರಲ್ಲಿ ಭಾರತವೂ ಅಂದಿತು.

ಪುಟದ ಮೇಲೆ ಗೆರೆ ಎಳೆಯುವುದಕ್ಕೆ ಒಂದು ಕ್ಷಣ ಸಾಕು. ಆದರೆ “ನಿಮ್ಮ ಕೌಂಟ್ ಚೆನ್ನಾಗಿದೆ, ಈಗಲೇ ಔಷಧಿ ಬೇಡ” ಎಂದು ಹಿಂದಕ್ಕೆ ಕಳಿಸಿದವರ ಮುಖಗಳಿರುತ್ತವೆ. ಅವರಲ್ಲಿ ಕೆಲವರು ತಿರುಗಿ ಬರಲೇ ಇಲ್ಲ. ಅಂದಿನ ನಿಯಮದ ಪ್ರಕಾರ ನಾನು ಹೇಳಿದ್ದು ಸರಿಯಾಗಿತ್ತು.

ಮುಖ ಅಂದಾಗ ಸ್ಟಾವುಡಿನ್ ಎಂಬ ಹಳೆಯ ಎಚ್‌ಐವಿ ಔಷಧಿ ನೆನಪಾಗುತ್ತದೆ. 2001ರಲ್ಲಿ ಸಿಪ್ಲಾ ಔಷಧ ಕಂಪನಿಯ ಯೂಸುಫ್ ಹಮೀದ್ ವರ್ಷದ ಚಿಕಿತ್ಸೆಯನ್ನು 350 ಡಾಲರಿಗೆ ಕೊಡುತ್ತೇನೆಂದು ಜಗತ್ತನ್ನೇ ಬೆಚ್ಚಿಬೀಳಿಸಿದರು. ಶ್ರೀಮಂತ ದೇಶಗಳಲ್ಲಿ ಆಗ ಅದಕ್ಕೆ ಹತ್ತು ಸಾವಿರ ಡಾಲರಿಗೂ ಮೇಲೆ. ಆ ಅಗ್ಗದ ಜೋಡಣೆಯ ಮೂರು ಔಷಧಿಗಳಲ್ಲಿ ಒಂದು ಸ್ಟಾವುಡಿನ್. 2004ರ ಏಪ್ರಿಲ್ 1ರಿಂದ ಭಾರತ ಸರ್ಕಾರ ಉಚಿತ ಚಿಕಿತ್ಸೆ ಕೊಡಲು ತೊಡಗಿದಾಗ, ಸೋಂಕು ಹೆಚ್ಚಿದ್ದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಸಾಯಲು ಬಿದ್ದವರು ಎದ್ದು ಹೊಲಕ್ಕೆ ಹೋದರು. ಆದರೆ ಒಂದೆರಡು ವರ್ಷದಲ್ಲಿ ಅಂಗಾಲು ಉರಿ ಶುರುವಾಗುತ್ತಿತ್ತು, ಕೆನ್ನೆಯ ಕೊಬ್ಬು ಕರಗಿ ಮುಖ ಗುಳಿಬೀಳುತ್ತಿತ್ತು. ಕೆನ್ನೆ ನೋಡಿಯೇ ಊರಿನವರು ಕಾಯಿಲೆ ಗುರುತಿಸುವಷ್ಟು. ಜೀವ ಉಳಿಸಿದ ಮಾತ್ರೆಯೇ ಗುಟ್ಟು ಹೊರಹಾಕುತ್ತಿತ್ತು. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕೈಬಿಡಲು ಹೇಳಿತು. ಇಂದಿನ ಯುವ ವೈದ್ಯರು ಆ ಕೆನ್ನೆ ನೋಡಿಲ್ಲ, ನೋಡದಿರುವುದೇ ಒಳ್ಳೆಯದು. ಆದರೆ ಹಳೆಯ ರೋಗಿಯೊಬ್ಬರು ಮಾತ್ರೆ ಬದಲಿಸೋಣವೆಂದರೆ ಯಾಕೆ ಬೆಚ್ಚುತ್ತಾರೆ ಎಂಬುದು ಆ ಕಥೆ ಗೊತ್ತಿಲ್ಲದೆ ಅರ್ಥವಾಗುವುದಿಲ್ಲ.

ಹೊಸ ತಿಳಿವಳಿಕೆಯೇ ದಾರಿ ತಪ್ಪಿಸಿದ ಪ್ರಸಂಗವೂ ಇದೆ, ಅದನ್ನು ನಾನು ಪ್ರತಿ ತರಗತಿಯಲ್ಲೂ ಹೇಳುತ್ತೇನೆ. ಆಫ್ರಿಕಾದ ಬೋಟ್ಸ್‌ವಾನಾದಲ್ಲಿ ಹೆರಿಗೆಗಳ ಮೇಲೆ ದೊಡ್ಡದೊಂದು ನಿಗಾ ನಡೆಯುತ್ತಿತ್ತು. 2018ರ ಮೇ ತಿಂಗಳಲ್ಲಿ ಅಲ್ಲಿಂದ ಆಘಾತದ ಸುದ್ದಿ ಬಂತು. ಗರ್ಭ ಕಟ್ಟುವ ಹೊತ್ತಿಗೆ ಡೊಲುಟೆಗ್ರಾವಿರ್ ತೆಗೆದುಕೊಳ್ಳುತ್ತಿದ್ದ 426 ಮಹಿಳೆಯರಲ್ಲಿ 4 ಮಂದಿಯ ಮಕ್ಕಳಿಗೆ ಮಿದುಳು ಅಥವಾ ಬೆನ್ನುಹುರಿಯ ಜನ್ಮದೋಷ. ಶೇ 0.94. ಬೇರೆ ಔಷಧಿ ತೆಗೆದುಕೊಂಡವರಲ್ಲಿ ಇದು ಶೇ 0.12 ಮಾತ್ರ. ಎಂಟು ಪಟ್ಟು! ಬೆನ್ನುಹುರಿಯ ಕೊಳವೆ ಮುಚ್ಚಿಕೊಳ್ಳುವುದು ಗರ್ಭಧಾರಣೆಯ ಮೊದಲ ನಾಲ್ಕು ವಾರಗಳಲ್ಲಿ, ತಾನು ಬಸುರಿ ಎಂದು ಎಷ್ಟೋ ಹೆಣ್ಣುಮಕ್ಕಳಿಗೆ ಗೊತ್ತಾಗುವುದಕ್ಕೂ ಮೊದಲೇ. ಹಾಗಾಗಿ ಹಲವು ದೇಶಗಳು ಹೆರುವ ವಯಸ್ಸಿನ ಹೆಣ್ಣುಮಕ್ಕಳಿಗೆ ಈ ಔಷಧಿಯನ್ನೇ ತಡೆದವು. ಒಂದೇ ಮನೆಯಲ್ಲಿ ಗಂಡನಿಗೆ ಹೊಸ ಮಾತ್ರೆ, ಹೆಂಡತಿಗೆ ರಾತ್ರಿಯಿಡೀ ಕೆಟ್ಟ ಕನಸು ತರುವ ಹಳೆಯ ಎಫಾವಿರೆಂಜ್.

ಎಚ್‌ಐವಿ ಜೊತೆ ಬದುಕುತ್ತಿದ್ದ ಆಫ್ರಿಕಾದ ಮಹಿಳೆಯರು ಅದೇ ಜುಲೈನಲ್ಲಿ ರುವಾಂಡಾದ ಕಿಗಾಲಿಯಲ್ಲಿ ಸೇರಿ, ಅಪಾಯವೇನೆಂದು ತಿಳಿಸಿ, ಆಯ್ಕೆ ನಮಗೆ ಬಿಡಿ ಎಂದು ಪಟ್ಟು ಹಿಡಿದರು. ಅವರು ಹೇಳಿದ್ದೇ ಸರಿಯೆನಿಸಿತು. ಎಣಿಕೆ ಮುಂದುವರಿದಂತೆ 2019ರಲ್ಲಿ ಆ ಪ್ರಮಾಣ ಶೇ 0.3ಕ್ಕೆ ಇಳಿಯಿತು. ಮಹಿಳೆಯರ ಸಂಖ್ಯೆ ಒಂಬತ್ತು ಸಾವಿರ ದಾಟಿದಾಗ ಶೇ 0.11ಕ್ಕೆ ಬಂದು ನಿಂತಿತು, ಅಂದರೆ ಉಳಿದ ಔಷಧಿಗಳಷ್ಟೇ. 426 ಎಂಬುದು ಸಣ್ಣ ಸಂಖ್ಯೆ, ನಾಲ್ಕು ಇನ್ನೂ ಸಣ್ಣದು. ಎಚ್ಚರಿಕೆಯ ಗಂಟೆ ಬಾರಿಸಿದ್ದು ತಪ್ಪಲ್ಲ, ಬಾರಿಸಲೇಬೇಕಿತ್ತು. ಆದರೆ ಆ ಗಂಟೆಯನ್ನೇ ತೀರ್ಪು ಎಂದುಕೊಂಡವರು, ಗಂಟೆ ನಿಂತ ಮೇಲೂ ವರ್ಷಗಟ್ಟಲೆ “ಹೆಂಗಸರಿಗೆ ಕೊಡಬಾರದಂತೆ” ಎನ್ನುತ್ತಲೇ ಇದ್ದರು. ಭಯದ ಸುದ್ದಿ ತಲುಪುವಷ್ಟು ಬೇಗ ಅದರ ತಿದ್ದುಪಡಿ ವೈದ್ಯರ ಕಿವಿಗೂ ತಲುಪುವುದಿಲ್ಲ.

ಇದಕ್ಕಿಂತ ನಿಧಾನವಾಗಿ ಇಳಿಯುತ್ತಿರುವ ಇನ್ನೊಂದು ತಿಳಿವಳಿಕೆಯಿದೆ. ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದು ಅಲ್ಲೇ ಉಳಿದವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲ. ಕಡಿಮೆ ಹರಡುತ್ತದೆ ಎಂದಲ್ಲ, ಹರಡುವುದೇ ಇಲ್ಲ. ಚೆನ್ನೈ ಮತ್ತು ಪುಣೆಯ ದಂಪತಿಗಳೂ ಇದ್ದ ಒಂದು ಅಂತರರಾಷ್ಟ್ರೀಯ ಅಧ್ಯಯನ ಬೇಗನೆ ಚಿಕಿತ್ಸೆ ಕೊಟ್ಟರೆ ಸಂಗಾತಿಗೆ ಹರಡುವುದು ಶೇ 96ರಷ್ಟು ತಗ್ಗುತ್ತದೆ ಎಂದು 2011ರಲ್ಲಿ ತೋರಿಸಿತು. 2019ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನದಲ್ಲಿ 782 ಪುರುಷ ಜೋಡಿಗಳ ಎಪ್ಪತ್ತಾರು ಸಾವಿರದಷ್ಟು ಕಾಂಡೋಮ್‌ರಹಿತ ಸಂಪರ್ಕಗಳಲ್ಲಿ, ಚಿಕಿತ್ಸೆಯಲ್ಲಿದ್ದ ಸಂಗಾತಿಯಿಂದ ಹರಡಿದ ಸೋಂಕು ಸೊನ್ನೆ. ಆದರೂ ಇದನ್ನು ಬಾಯಿಬಿಟ್ಟು ಹೇಳಲು ವೈದ್ಯರೇ ಹಿಂಜರಿಯುತ್ತಾರೆ. ಹೇಳಿದರೆ ಜನ ಮಾತ್ರೆ ಬಿಟ್ಟಾರು, ಹಾದಿ ತಪ್ಪಿಯಾರು ಎಂಬ ಅಂಜಿಕೆ. ನನ್ನ ಅನುಭವ ತದ್ವಿರುದ್ಧ. ಹೆಂಡತಿಗೆ ಇದರಿಂದ ರಕ್ಷಣೆ ಎಂದು ತಿಳಿದ ದಿನದಿಂದ ಒಂದು ಮಾತ್ರೆಯನ್ನೂ ತಪ್ಪಿಸದವರನ್ನು ಕಂಡಿದ್ದೇನೆ.

ಆಪರೇಷನ್ ಟೇಬಲ್ಲಿನ ಹತ್ತಿರವೂ ಇದೇ ಪಾಠ ಬೇಕು. ಎಚ್‌ಐವಿ ಇದ್ದವರ ರಕ್ತದ ಸೂಜಿ ಚುಚ್ಚಿಕೊಂಡರೆ ಸೋಂಕು ತಗಲುವ ಸಾಧ್ಯತೆ ಸಾವಿರಕ್ಕೆ ಮೂರು, ಅದೂ ರೋಗಿ ಚಿಕಿತ್ಸೆಯಲ್ಲಿ ಇಲ್ಲದ ಕಾಲದ ಲೆಕ್ಕ. ಚುಚ್ಚಿದ 72 ಗಂಟೆಯೊಳಗೆ, ಆದಷ್ಟು ಮೊದಲ ಎರಡು ಗಂಟೆಯಲ್ಲೇ, 28 ದಿನಗಳ ಮಾತ್ರೆ ಶುರುಮಾಡಿದರೆ ಅದೂ ಇನ್ನಷ್ಟು ಇಳಿಯುತ್ತದೆ. ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ಇದಕ್ಕಿಂತ ಹತ್ತಾರು ಪಟ್ಟು ಸುಲಭವಾಗಿ ತಗಲುತ್ತದೆ, ಅದಕ್ಕೆ ಯಾರೂ ಹೆದರಿ ಓಡುವುದಿಲ್ಲ. 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿರುವ ಎಚ್‌ಐವಿ ಕಾಯ್ದೆಯ ಪ್ರಕಾರ ಸೋಂಕಿನ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವುದು ಕಾನೂನುಬಾಹಿರ. ಕಾಯ್ದೆ ಗೊತ್ತಿದ್ದವರು ‘ಇಲ್ಲಿ ಸೌಲಭ್ಯವಿಲ್ಲ’ ಎಂದು ಚೀಟಿ ಬರೆದು ಕಳಿಸುತ್ತಾರೆ.

ಈಗ ಎಲ್ಲರ ಬಾಯಲ್ಲೂ ಲೆನಾಕಾಪಾವಿರ್. ಆರು ತಿಂಗಳಿಗೊಮ್ಮೆ ಹೊಟ್ಟೆಯ ಚರ್ಮದಡಿ ಕೊಡುವ ಚುಚ್ಚುಮದ್ದು. ವೈರಸ್ಸಿನ ವಂಶವಾಹಿಯನ್ನು ಹೊತ್ತ ಚಿಪ್ಪನ್ನೇ ಇದು ಹಿಡಿಯುತ್ತದೆ. ದಕ್ಷಿಣ ಆಫ್ರಿಕಾ ಮತ್ತು ಉಗಾಂಡಾದಲ್ಲಿ ಇದನ್ನು ಮುನ್ನೆಚ್ಚರಿಕೆಯಾಗಿ ಪಡೆದ 2,134 ಯುವತಿಯರಲ್ಲಿ ಒಬ್ಬರಿಗೂ ಸೋಂಕು ತಗಲಲಿಲ್ಲ ಎಂದು 2024ರಲ್ಲಿ ವರದಿಯಾಯಿತು. 2025ರ ಜೂನ್‌ನಲ್ಲಿ ಈ ಬಳಕೆಗೆ ಅಮೆರಿಕ ಒಪ್ಪಿಗೆ ಕೊಟ್ಟಿತು. 2027ರಿಂದ ವರ್ಷಕ್ಕೆ 40 ಡಾಲರಿಗೆ ಬಡ ದೇಶಗಳಿಗೆ ಒದಗಿಸುತ್ತೇವೆ ಎಂದು ಮುಂದೆ ಬಂದಿರುವುದು ಹೈದರಾಬಾದಿನ ಡಾ. ರೆಡ್ಡೀಸ್ ಮತ್ತು ಹೆಟೆರೊ. ಸಿಎಂಇಗಳಲ್ಲಿ ಇದರ ಸ್ಲೈಡು ಬಂದಾಗ ಎಲ್ಲರೂ ಎಚ್ಚರಾಗುತ್ತಾರೆ. ನನಗೂ ಖುಷಿಯೇ. ಆದರೆ ಅಲ್ಲಿ ಕೇಳಬೇಕಾದ ಪ್ರಶ್ನೆಗಳು ಸಣ್ಣವು. ಚುಚ್ಚುವ ಮೊದಲು ಎಚ್‌ಐವಿ ಪರೀಕ್ಷೆ ಆಯಿತೇ? ಮೊದಲೆರಡು ದಿನ ಎರಡೆರಡು ಮಾತ್ರೆ ನುಂಗಬೇಕೆಂದು ಹೇಳಿದಿರೇ? ಮುಂದಿನ ಚುಚ್ಚುಮದ್ದಿಗೆ ಬಾರದಿದ್ದರೆ ಮದ್ದು ಮೈಯಲ್ಲಿ ತಿಂಗಳುಗಟ್ಟಲೆ ತೆಳ್ಳಗೆ ಉಳಿಯುತ್ತದೆ, ಆಗ ಸೋಂಕು ತಗಲಿದರೆ ವೈರಸ್ ಅದನ್ನು ಎದುರಿಸಲು ಕಲಿತುಬಿಡಬಹುದು. ಇದನ್ನು ಅವರಿಗೆ ತಿಳಿಸಿದಿರೇ?

ನಮ್ಮಲ್ಲಿ ದಿನಬೆಳಗಾದರೆ ಬರುವ ಸಮಸ್ಯೆ ಕ್ಷಯದ್ದು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಯಕೃತ್ತಿನ ಕಿಣ್ವಗಳನ್ನು ಕೆರಳಿಸುತ್ತದೆ, ಅವು ಡೊಲುಟೆಗ್ರಾವಿರನ್ನು ಬೇಗಬೇಗ ಕರಗಿಸಿಬಿಡುತ್ತವೆ. ಅದಕ್ಕೇ ಹನ್ನೆರಡು ಗಂಟೆ ಬಿಟ್ಟು ಇನ್ನೊಂದು 50 ಮಿಲಿಗ್ರಾಂ ಕೊಡಬೇಕು. ಕ್ಷಯದ ಔಷಧಿ ಮುಗಿದ ಮೇಲೂ ಎರಡು ವಾರ. ಆ ಎರಡು ವಾರವನ್ನು ಮರೆಯದವರು ಕಡಿಮೆ.

2004ರಲ್ಲಿ ಮೂವತ್ತರ ಪ್ರಾಯದಲ್ಲಿ ಬಂದವರಿಗೆ ಈಗ ಐವತ್ತು ದಾಟಿದೆ. ಎಚ್‌ಐವಿಯಿಂದ ಅವರು ಸಾಯುತ್ತಿಲ್ಲ, ನಿಮ್ಮ ನಮ್ಮಂತೆ ಬಿಪಿ, ಶುಗರ್, ಮಂಡಿನೋವು ಕಟ್ಟಿಕೊಂಡಿದ್ದಾರೆ. ನಾವು ವೈರಸ್ ಓದಿಕೊಂಡವರು, ಈಗ ಮಂಡಿಯನ್ನೂ ಕಲಿಯಬೇಕು. ಮಂಡಿ ನೋಡುವವರು ವೈರಸ್ ಕಲಿಯಬೇಕು. ಕಳೆದ ತಿಂಗಳು ಹಳೆಯ ಪರಿಚಯದ ತಾಯಿಯೊಬ್ಬರು ಬಂದಿದ್ದರು. ಕುಂತವರೇ ಪ್ಲಾಸ್ಟಿಕ್ ಚೀಲ ಮೇಜಿನ ಮೇಲೆ ಸುರಿದು, “ಹೊಸಾ ಗುಳಿಗಿ ಬರಿಯೂ ಮೊದ್ಲ ಇವನ್ನಷ್ಟು ನೋಡ್ರಿ ಡಾಕ್ಟರ್ರ” ಅಂದರು. ಟಿಎಲ್‌ಡಿ ಡಬ್ಬಿ. ಊರಿನ ಡಾಕ್ಟರು ಬರೆದ ಮೆಟ್‌ಫಾರ್ಮಿನ್, ದಿನಕ್ಕೆ ಎರಡು ಗ್ರಾಂ. ಎಲುಬಿಗೆ ಕ್ಯಾಲ್ಸಿಯಂ. ಎದೆಯುರಿಗೆ ಒಂದು ಬಾಟಲಿ ಆ್ಯಂಟಾಸಿಡ್.

ಮೆಟ್‌ಫಾರ್ಮಿನ್ ಹೊರಹೋಗುವುದೂ ಅದೇ ಹಿತ್ತಲ ಬಾಗಿಲಿನಿಂದ. ಡೊಲುಟೆಗ್ರಾವಿರ್ ಅದನ್ನು ಅರ್ಧ ಮುಚ್ಚಿರುವಾಗ ದಿನಕ್ಕೆ ಒಂದು ಗ್ರಾಂ ಮೀರುವಂತಿಲ್ಲ. ಕ್ಯಾಲ್ಸಿಯಂ ಮತ್ತು ಆ್ಯಂಟಾಸಿಡ್ ಎರಡೂ ಡೊಲುಟೆಗ್ರಾವಿರನ್ನು ಹೊಟ್ಟೆಯಲ್ಲೇ ಕಟ್ಟಿಹಾಕಿ ರಕ್ತಕ್ಕೆ ಇಳಿಯಗೊಡುವುದಿಲ್ಲ. ಊರಿನ ಡಾಕ್ಟರಿಗೆ ಫೋನ್ ಮಾಡಿದೆ. ಚೀಟಿಯ ಹಿಂದೆ ದೊಡ್ಡಕ್ಷರದಲ್ಲಿ ಬರೆದುಕೊಟ್ಟೆ: ಎಚ್‌ಐವಿ ಗುಳಿಗೆ ರಾತ್ರಿ ಮಲಗುವಾಗ. ಕ್ಯಾಲ್ಸಿಯಂ ಬೆಳಿಗ್ಗೆ ರೊಟ್ಟಿ ತಿಂದ ಮೇಲೆ. ಎದೆಯುರಿ ಔಷಧಿ ಬೇಕೆನಿಸಿದರೆ ಮಧ್ಯಾಹ್ನದೊಳಗೆ.

“ಮತ್ತ ರಾತ್ರಿ ಎದಿ ಉರದ್ರ?” ಅಂದರು.

ಮುಂದಿನ ತರಗತಿಗೆ ಅದೇ ನನ್ನ ಕೇಸು.