ಮೂವತ್ತು ವರ್ಷಗಳ ಹಿಂದೆ ಯಾವ ಕೆಲಸದಲ್ಲಿದ್ದಿರಿ?

ಏದುಸಿರು, ಒಣ ಕೆಮ್ಮು ಎಂದು ಬರುವ ಅರವತ್ತು ದಾಟಿದವರಿಗೆ ವೈದ್ಯರು ಮೊದಲು ಕೇಳುವುದು ಬೀಡಿ, ಸಿಗರೇಟಿನ ಬಗ್ಗೆ. ಆಮೇಲೆ ಕ್ಷಯದ ಬಗ್ಗೆ. ಎರಡೂ ಕೇಳಲೇಬೇಕಾದ ಪ್ರಶ್ನೆಗಳೇ. ಆದರೆ ವಯಸ್ಸಿನಲ್ಲಿದ್ದಾಗ ಏನು ಕೆಲಸ ಮಾಡುತ್ತಿದ್ದಿರಿ ಎಂಬುದನ್ನು ಯಾರೂ ಕೇಳಿರುವುದಿಲ್ಲ. ನಾನು ಕೇಳಿದರೆ, "ಆಗ ಗ್ಯಾರೇಜಿನಲ್ಲಿದ್ದೆ ಡಾಕ್ಟರೇ, ಅದಕ್ಕೂ ಇದಕ್ಕೂ ಏನು ಸಂಬಂಧ?" ಎನ್ನುತ್ತಾರೆ.

ಸಂಬಂಧ ಇದೆ. ಲಾರಿಯ ಬ್ರೇಕ್ ಡ್ರಮ್ ಬಿಚ್ಚಿದರೆ ಒಳಗೆ ನುಣ್ಣನೆಯ ಬೂದು ಪುಡಿ ಕೂತಿರುತ್ತದೆ. ಕಂಪ್ರೆಸರ್ ಪೈಪು ಹಿಡಿದು ಅದನ್ನು ಊದಿ ತೆಗೆಯುವುದು ವಾಡಿಕೆ. ಹಳೆಯ ಬ್ರೇಕ್ ಲೈನರ್‌ಗಳಲ್ಲಿ ಆಸ್‌ಬೆಸ್ಟಾಸ್, ಅಂದರೆ ಕಲ್ನಾರು, ಇರುತ್ತಿತ್ತು. ಹುಡುಗನೊಬ್ಬ ಬಗ್ಗಿ ಕುಳಿತು ದಿನವಿಡೀ ಆ ಪುಡಿ ಉಸಿರಾಡಿದರೆ ಅಂದು ಅವನಿಗೆ ಒಂದು ಸೀನು ಬರಬಹುದು, ಅಷ್ಟೇ. ಬಾಯ್ಲರ್ ಪೈಪುಗಳಿಗೆ ಶಾಖ ತಡೆಯುವ ಹೊದಿಕೆ ಸುತ್ತಿದವರು, ಸಿಮೆಂಟ್ ಶೀಟಿನ ಕಾರ್ಖಾನೆಯಲ್ಲಿ ನಾರಿನ ಚೀಲ ಹರಿದು ಸುರಿದವರು, ಗುಜರಿಗೆ ಬಂದ ಹಡಗು ಒಡೆದವರು, ಎಲ್ಲರ ಕಥೆಯೂ ಹೀಗೆಯೇ.

ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳು ಶ್ವಾಸಕೋಶದ ತುದಿಯ ಗಾಳಿಚೀಲಗಳವರೆಗೆ ಇಳಿಯುತ್ತವೆ. ಅಲ್ಲಿ ಕಸ ನುಂಗಿ ಅರಗಿಸುವ ಜೀವಕೋಶಗಳಿವೆ. ಉದ್ದನೆಯ ಎಳೆಯನ್ನು ಅವು ಪೂರ್ತಿ ನುಂಗಲಾರವು, ಬಿಡಲೂ ಆರವು. ಆ ಜಾಗದಲ್ಲಿ ಉರಿಯೂತ ವರ್ಷಗಟ್ಟಲೆ ನಡೆದು ಕೊನೆಗೆ ಗಾಯದ ಕಲೆಯಂತೆ ಗಟ್ಟಿಯಾಗುತ್ತದೆ. ಇದು ಆಸ್‌ಬೆಸ್ಟೋಸಿಸ್. ಇದೇ ಧೂಳಿನಿಂದ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆ. ಜೊತೆಗೆ ಧೂಮಪಾನವಿದ್ದರೆ ಅಪಾಯ ಹಲವು ಪಟ್ಟು ಏರುತ್ತದೆ. ಶ್ವಾಸಕೋಶದ ಹೊರಪೊರೆಯ ಕ್ಯಾನ್ಸರ್ ಮೀಸೋಥೀಲಿಯೋಮಾ ಕಾಣಿಸಿಕೊಳ್ಳಲು ಮೂವತ್ತು, ನಲವತ್ತು ವರ್ಷ ಹಿಡಿಯಬಹುದು. ಅದಕ್ಕೆ ಧೂಮಪಾನದ ನೆರವೂ ಬೇಕಿಲ್ಲ.

ಎಕ್ಸ್‌ರೇಯಲ್ಲಿ ಕಲೆ ಕಂಡ ಕೂಡಲೇ ಕ್ಷಯದ ಮಾತ್ರೆ ಶುರು ಮಾಡಿಸಿಕೊಂಡು ಬಂದವರನ್ನು ನೋಡಿದಾಗ ಸಂಕಟವಾಗುತ್ತದೆ. ವಯಸ್ಕರಲ್ಲಿ ಕ್ಷಯ ಸಾಮಾನ್ಯವಾಗಿ ಶ್ವಾಸಕೋಶದ ಮೇಲ್ಭಾಗ ಹಿಡಿಯುತ್ತದೆ, ಆಸ್‌ಬೆಸ್ಟೋಸಿಸ್ ಕೆಳಭಾಗ. ವಪೆಯ, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುಪರದೆಯ, ಮೇಲೆ ಸುಣ್ಣಗಟ್ಟಿದ ಪಟ್ಟಿಗಳು ಕಂಡರಂತೂ ಹಳೆಯ ಕೆಲಸದ ಬಗ್ಗೆ ಕೇಳದೆ ಬಿಡಬಾರದು. ಗಟ್ಟಿಯಾದ ಶ್ವಾಸಕೋಶವನ್ನು ಮತ್ತೆ ಮೊದಲಿನಂತೆ ಮಾಡುವ ಔಷಧವಿಲ್ಲ. ಬೀಡಿ ಬಿಡಿಸುವುದು, ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ ಹಾಕಿಸುವುದು, ಬೇಕಾದಾಗ ಆಮ್ಲಜನಕ ಕೊಡುವುದು ನಮ್ಮ ಕೈಯಲ್ಲಿದೆ.

ಕಾರ್ಖಾನೆಯ ಬಾಗಿಲು ಕಾಣದ ಹೆಂಗಸರಿಗೂ ಮೀಸೋಥೀಲಿಯೋಮಾ ಬಂದಿದೆ. ಅವರು ಮಾಡಿದ್ದು ಗಂಡನ ಕೆಲಸದ ಬಟ್ಟೆ ಕೊಡವಿ ಒಗೆದದ್ದು ಮಾತ್ರ.

ಬಿಳಿ ಕಲ್ನಾರು ಅಪಾಯಕಾರಿಯಲ್ಲ ಎಂಬ ವಾದವನ್ನು ಉದ್ಯಮ ಈಗಲೂ ಮುಂದಿಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಎಲ್ಲ ಬಗೆಯ ಆಸ್‌ಬೆಸ್ಟಾಸನ್ನೂ ಕ್ಯಾನ್ಸರ್‌ಕಾರಕ ಎಂದೇ ಹೇಳಿದೆ. ಬಿಳಿಯದಕ್ಕೆ ವಿನಾಯಿತಿ ಕೊಟ್ಟಿಲ್ಲ. 2005ರಿಂದ ಐರೋಪ್ಯ ಒಕ್ಕೂಟದಲ್ಲಿ ನಿಷೇಧವಿದೆ, 2024ರಲ್ಲಿ ಅಮೆರಿಕವೂ ಬಿಳಿಯದನ್ನು ನಿಷೇಧಿಸಿತು. ನಮ್ಮ ಕೇಂದ್ರ ಸರ್ಕಾರ 1986ರಲ್ಲಿ ಹೊಸ ಗಣಿ ಗುತ್ತಿಗೆ ನಿಲ್ಲಿಸಿತು, 1993ರಲ್ಲಿ ಹಳೆಯದರ ನವೀಕರಣವನ್ನೂ ನಿಲ್ಲಿಸಿತು. ಆದರೂ ರಷ್ಯಾದಂಥ ದೇಶಗಳಿಂದ ನಾರು ಬರುತ್ತಲೇ ಇದೆ. ಅಗೆಯಬಾರದಷ್ಟು ಅಪಾಯದ ವಸ್ತುವನ್ನು ಆಮದು ಮಾಡಿಕೊಳ್ಳುವುದನ್ನು ನಾನು ಒಪ್ಪಲಾರೆ.

ಹಾಗೆಂದು ಶೀಟಿನ ಮನೆಯವರು ಇಂದೇ ಮಾಡು ಕಿತ್ತು ಹಾಕಬೇಕಾಗಿಲ್ಲ. ಒಡೆಯದೆ ಗಟ್ಟಿಯಾಗಿರುವ ಶೀಟಿನಲ್ಲಿ ನಾರು ಸಿಮೆಂಟಿನೊಳಗೆ ಹಿಡಿದಿರುತ್ತದೆ. ಅಪಾಯ ಇರುವುದು ಅದನ್ನು ಗ್ರೈಂಡರಿನಲ್ಲಿ ಕೊಯ್ಯುವಾಗ, ತೂತು ಕೊರೆಯುವಾಗ, ಪಾಚಿ ಹೋಗಲೆಂದು ಉಜ್ಜುವಾಗ. ತೆಗೆಯಲೇಬೇಕಾದರೆ ನೀರು ಸಿಂಪಡಿಸಿ, ಬೋಲ್ಟ್ ಬಿಚ್ಚಿ, ಇಡಿಯಾಗಿ ಇಳಿಸಿ. ಒಣ ಪೊರಕೆಯಲ್ಲಿ ಗುಡಿಸಬೇಡಿ. ಮೂಗಿಗೆ ಕಟ್ಟಿದ ಕರವಸ್ತ್ರ ಈ ಎಳೆಗಳನ್ನು ತಡೆಯುವುದಿಲ್ಲ, ಅದಕ್ಕೆ ತಕ್ಕ ಮಾಸ್ಕ್ ಬೇಕು. ಒಡೆದ ತುಂಡುಗಳನ್ನು ಮಕ್ಕಳು ಆಡುವ ಖಾಲಿ ನಿವೇಶನಕ್ಕೆ ಎಸೆಯಬೇಡಿ.

ಕಾರ್ಮಿಕರಿಗೆ ಇನ್ನೊಂದು ಮಾತು. ಆಸ್‌ಬೆಸ್ಟೋಸಿಸ್ ಕಾನೂನು ಒಪ್ಪಿದ ಔದ್ಯೋಗಿಕ ಕಾಯಿಲೆ, ಪರಿಹಾರಕ್ಕೆ ಅವಕಾಶವಿದೆ. ಈ ಕಾರ್ಮಿಕರ ಆರೋಗ್ಯ ದಾಖಲೆಗಳನ್ನು ಕನಿಷ್ಠ 40 ವರ್ಷ ಕಾಪಾಡಬೇಕೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಆದೇಶಿಸಿದೆ. ನಿಮ್ಮ ಹಳೆಯ ಇಎಸ್‌ಐ ಕಾರ್ಡು, ಸಂಬಳದ ಚೀಟಿ, ಎಕ್ಸ್‌ರೇ ಏನಿದ್ದರೂ ಎಸೆಯಬೇಡಿ. ವೈದ್ಯರು ಕೇಳದಿದ್ದರೂ ಮಾಡಿದ ಕೆಲಸಗಳನ್ನೆಲ್ಲ ನೀವೇ ಹೇಳಿ, ಅದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ.