ಪೆಟ್ಟಿಗೆಯ ಮೇಲಿನ ಮಿಲಿವ್ಯಾಟ್ ನಂಬಿ ಪೋರ್ಟಬಲ್ ಆಂಪ್ ಕೊಳ್ಳಬೇಡಿ

ಒಳ್ಳೆಯ ಹೆಡ್‌ಫೋನಿಗೆ ಮೂವತ್ತು ಸಾವಿರ ಕೊಟ್ಟವರು ಪೋರ್ಟಬಲ್ ಆಂಪ್ (ಹೆಡ್‌ಫೋನಿಗೆ ಶಕ್ತಿ ಕೊಡುವ ಜೇಬಿನ ಆಂಪ್ಲಿಫೈಯರ್) ಹುಡುಕುವಾಗ ಮೊದಲು ಓದುವುದು ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿರುವ ಮಿಲಿವ್ಯಾಟ್ ಅಂಕಿಯನ್ನು. ಅದರ ಪಕ್ಕದಲ್ಲೇ ಸಣ್ಣಕ್ಷರದಲ್ಲಿ '32 ಓಮ್‌ಗೆ' ಎಂದಿರುತ್ತದೆ (ಓಮ್ ಎಂದರೆ ಹೆಡ್‌ಫೋನ್ ಕರೆಂಟಿಗೆ ಒಡ್ಡುವ ತಡೆಯ ಅಳತೆ), ಅದು ಕಣ್ಣಿಗೆ ಬೀಳುವುದಿಲ್ಲ. 32 ಓಮ್‌ಗೆ 500 ಮಿಲಿವ್ಯಾಟ್ ಎಂದರೆ 4 ವೋಲ್ಟ್. ಅದೇ 4 ವೋಲ್ಟ್ 300 ಓಮ್‌ನ ಹೆಡ್‌ಫೋನಿಗೆ ಹೋದರೆ ಸಿಗುವುದು ಬರೀ 53 ಮಿಲಿವ್ಯಾಟ್. ಹಾಗಾಗಿ ಲೆಕ್ಕ ಶುರುವಾಗಬೇಕಾದ್ದು ಆಂಪ್‌ನಿಂದಲ್ಲ, ಕೈಯಲ್ಲಿರುವ ಹೆಡ್‌ಫೋನಿನಿಂದ.

ಬೇಕಾದ್ದು ಎರಡೇ ಅಂಕಿ: ಇಂಪೀಡೆನ್ಸ್ (ಓಮ್‌ನಲ್ಲಿ ಹೇಳುವ ಆ ತಡೆ) ಮತ್ತು ಸೆನ್ಸಿಟಿವಿಟಿ (ಇಷ್ಟು ಶಕ್ತಿಗೆ ಎಷ್ಟು ಜೋರು ಎಂಬುದು). ಎಡವುವುದು ಎರಡನೆಯದರಲ್ಲಿ. ಕೆಲವು ಕಂಪನಿಗಳು ಅದನ್ನು 1 ಮಿಲಿವ್ಯಾಟ್‌ಗೆ ಇಷ್ಟು ಡೆಸಿಬೆಲ್ ಎಂದು ಕೊಡುತ್ತವೆ, ಕೆಲವು 1 ವೋಲ್ಟ್‌ಗೆ ಇಷ್ಟು ಎಂದು. ಸೆನ್‌ಹೈಸರ್ ಎಚ್‌ಡಿ 650ಕ್ಕೆ ಕೊಟ್ಟಿರುವ 103 ಡೆಸಿಬೆಲ್ 1 ವೋಲ್ಟ್‌ನ ಲೆಕ್ಕ. ಮಿಲಿವ್ಯಾಟ್ ಲೆಕ್ಕಕ್ಕೆ ತಂದರೆ ಅದು ಸುಮಾರು 98. ಮಿಲಿವ್ಯಾಟ್ ಅಂಕಿಯಿಂದ ವೋಲ್ಟ್ ಅಂಕಿಗೆ ಬರಲು 300 ಓಮ್‌ಗೆ 5, 32 ಓಮ್‌ಗೆ 15, 16 ಓಮ್‌ಗೆ 18 ಡೆಸಿಬೆಲ್ ಕೂಡಿಸಬೇಕು. ಇದನ್ನು ಮಾಡದೆ ಎರಡು ಹೆಡ್‌ಫೋನುಗಳ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ತೀರ್ಮಾನ ತಲೆಕೆಳಗಾಗುತ್ತದೆ.

ಶೃಂಗಕ್ಕೆ, ಅಂದರೆ ಮೃದಂಗದ ಚಾಪು ಬಿದ್ದ ಆ ಕ್ಷಣಕ್ಕೆ, 110 ಡೆಸಿಬೆಲ್ ಸಾಮರ್ಥ್ಯ ಇಟ್ಟುಕೊಳ್ಳೋಣ. ಇದು ಕೇಳುವ ಸರಾಸರಿ ಮಟ್ಟವಲ್ಲ. ಸರಾಸರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ವಾರಕ್ಕೆ 40 ಗಂಟೆ 80 ಡೆಸಿಬೆಲ್, ಅದನ್ನು ದಾಟಬಾರದು. 110ಕ್ಕೆ ಎಚ್‌ಡಿ 650 ಕೇಳುವುದು 2.2 ವೋಲ್ಟ್, ಆದರೆ ಕರೆಂಟ್ ಬರೀ 7.5 ಮಿಲಿಆಂಪಿಯರ್. ಹೈಫೈಮ್ಯಾನ್ ಸುಂಡಾರಾದ ಮೊದಲ ಆವೃತ್ತಿ 37 ಓಮ್, 1 ಮಿಲಿವ್ಯಾಟ್‌ಗೆ 94 ಡೆಸಿಬೆಲ್, ಅದಕ್ಕೆ 1.2 ವೋಲ್ಟ್ ಸಾಕು, ಕರೆಂಟ್ ಮಾತ್ರ 33 ಮಿಲಿಆಂಪಿಯರ್ ಬೇಕು. ಒಂದಕ್ಕೆ ವೋಲ್ಟೇಜಿನ ಹಸಿವು, ಇನ್ನೊಂದಕ್ಕೆ ಕರೆಂಟಿನದು. ಅದೇ ಕಂಪನಿಯ ಎಚ್‌ಇ-6 ಇನ್ನೊಂದು ತುದಿ: 50 ಓಮ್, 83.5 ಡೆಸಿಬೆಲ್. ಅದಕ್ಕೆ ಸುಮಾರು 450 ಮಿಲಿವ್ಯಾಟ್, 4.7 ವೋಲ್ಟ್, 95 ಮಿಲಿಆಂಪಿಯರ್ ಬೇಕು. ಅದನ್ನು ಜೇಬಿನ ಆಂಪ್‌ಗೆ ಕಟ್ಟುವ ಯೋಚನೆ ಬಿಟ್ಟುಬಿಡುವುದೇ ಒಳ್ಳೆಯದು.

ಈ ಲೆಕ್ಕದ ಇನ್ನೊಂದು ಮುಖವೂ ಇದೆ. ಫೋನಿಗೆ ಸಿಕ್ಕಿಸುವ, 2 ವೋಲ್ಟ್ ಕೊಡುವ ಬೆರಳುದ್ದದ ಡಾಂಗಲ್ ಎಚ್‌ಡಿ 650ನ್ನು 109 ಡೆಸಿಬೆಲ್‌ವರೆಗೆ ಒಯ್ಯುತ್ತದೆ. ಹೊಸ ಸಿನಿಮಾ ಹಾಡು ಕೇಳುವವರಿಗೆ ಅಷ್ಟು ಧಾರಾಳ, ಬ್ಯಾಟರಿ ಇರುವ ದೊಡ್ಡ ಆಂಪ್ ದಂಡ. ಆದರೆ ಹಳೆಯ ಕಚೇರಿಗಳ ಧ್ವನಿಮುದ್ರಣ ಕೇಳುವವರ ಪಾಡು ಬೇರೆ. ಅವುಗಳ ಮಟ್ಟ ಈಗಿನ ಹಾಡುಗಳಿಗಿಂತ 10 ಡೆಸಿಬೆಲ್‌ನಷ್ಟು ಕೆಳಗಿರುವುದುಂಟು. ಅದರ ಮೇಲೆ ಈಕ್ವಲೈಸರ್ ಹಾಕಿ ಅದರ ಪ್ರೀಆಂಪ್ (ಒಟ್ಟು ಮಟ್ಟ) 6 ಡೆಸಿಬೆಲ್ ಇಳಿಸಿದರೆ, ಡಾಂಗಲ್ ಪೂರ್ತಿ ಏರಿಸಿದರೂ ತಂಬೂರಿ ಸಣ್ಣಗೇ ಉಳಿಯುತ್ತದೆ. ಇಂಥವರಿಗೆ 4 ವೋಲ್ಟ್‌ನ ಬ್ಯಾಲೆನ್ಸ್ಡ್ ಔಟ್‌ಪುಟ್ (ಎಡ ಬಲಕ್ಕೆ ಬೇರೆ ಬೇರೆ ಮೈನಸ್ ತಂತಿ ಇರುವಂಥದು) ನಿಜಕ್ಕೂ ಬೇಕು.

ಕಿವಿಯೊಳಗೆ ಹಾಕುವ ಇಯರ್‌ಫೋನಿಗೆ ಸಮಸ್ಯೆ ತದ್ವಿರುದ್ಧ. ಅಲ್ಲಿ ಶಕ್ತಿ ಯಾವಾಗಲೂ ಹೆಚ್ಚೇ. ನೋಡಬೇಕಾದ್ದು ಆಂಪ್‌ನ ಔಟ್‌ಪುಟ್ ಇಂಪೀಡೆನ್ಸ್ (ಆಂಪ್‌ನದೇ ಒಳಗಿನ ತಡೆ) ಮತ್ತು ಹಿಸ್ (ಹಿನ್ನೆಲೆಯ ಸುಸ್ಸೆನ್ನುವ ಸದ್ದು). ಹಲವು ಬ್ಯಾಲೆನ್ಸ್ಡ್ ಆರ್ಮೇಚರ್ ಡ್ರೈವರ್‌ಗಳಿರುವ (ದನಿ ಹೊರಡಿಸುವ ಪುಟ್ಟ ಘಟಕಗಳು) ಇಯರ್‌ಫೋನಿನ ಇಂಪೀಡೆನ್ಸ್ ಎಲ್ಲ ಸ್ವರಗಳಿಗೂ ಒಂದೇ ಇರುವುದಿಲ್ಲ. ಒಂದು ಕಡೆ 8 ಓಮ್, ಇನ್ನೊಂದು ಕಡೆ 32 ಓಮ್ ಇದೆ ಎನ್ನಿ. ಆಂಪ್‌ನ ಔಟ್‌ಪುಟ್ ಇಂಪೀಡೆನ್ಸ್ 4 ಓಮ್ ಇದ್ದರೆ ಆ ಎರಡರ ನಡುವೆ 2.5 ಡೆಸಿಬೆಲ್ ವ್ಯತ್ಯಾಸ ಬಂದು ದನಿಯ ಬಣ್ಣವೇ ಬದಲಾಗುತ್ತದೆ; ಅರ್ಧ ಓಮ್ ಇದ್ದರೆ ವ್ಯತ್ಯಾಸ 0.4 ಡೆಸಿಬೆಲ್. ಹೆಡ್‌ಫೋನಿನ ಕನಿಷ್ಠ ಇಂಪೀಡೆನ್ಸಿನ ಎಂಟನೇ ಒಂದು ಭಾಗಕ್ಕಿಂತ ಕಡಿಮೆ ಇರಲಿ ಎಂಬ ನಿಯಮ ಬಂದಿರುವುದು ಇದರಿಂದಲೇ. ಸುಂಡಾರಾದಂಥ ಪ್ಲೇನಾರ್‌ಗಳ (ತೆಳು ಪೊರೆಯ ಮೇಲೇ ತಂತಿ ಹರಡಿರುವ ಹೆಡ್‌ಫೋನುಗಳ) ಇಂಪೀಡೆನ್ಸ್ ಹೆಚ್ಚೂಕಡಿಮೆ ಸಮತಟ್ಟು, ಅವಕ್ಕೆ ಈ ತೊಂದರೆ ಇಲ್ಲ.

ಹಿಸ್ ಲೆಕ್ಕವೂ ಸುಲಭ. 1 ವೋಲ್ಟ್‌ಗೆ 130 ಡೆಸಿಬೆಲ್ ಕೊಡುವ ಸೂಕ್ಷ್ಮ ಇಯರ್‌ಫೋನಿಗೆ 10 ಮೈಕ್ರೋವೋಲ್ಟ್ ಸದ್ದಿರುವ ಆಂಪ್ ಹಾಕಿದರೆ ಕಿವಿಗೆ 30 ಡೆಸಿಬೆಲ್ ಹಿಸ್. ರಾತ್ರಿ ಫ್ಯಾನ್ ನಿಂತಾಗ ಅದು ಸ್ಪಷ್ಟವಾಗಿ ಕೇಳುತ್ತದೆ. ಅದೇ ಆಂಪ್ ಎಚ್‌ಡಿ 650ರಲ್ಲಿ 3 ಡೆಸಿಬೆಲ್, ಕೇಳಿಸುವುದೇ ಇಲ್ಲ. ಇಯರ್‌ಫೋನಿಗೆ 2 ಮೈಕ್ರೋವೋಲ್ಟ್ ಆಸುಪಾಸಿನದನ್ನು ಹುಡುಕಿ, ಎಷ್ಟು ಪಟ್ಟು ವರ್ಧಿಸಬೇಕೆಂದು ಹೇಳುವ ಗೇನ್ ಸ್ವಿಚ್ 'ಲೋ'ನಲ್ಲೇ ಇಡಿ. ಗುಂಡಿ ತಿರುಗಿಸುವ ಆಂಪ್ 'ಹೈ'ನಲ್ಲಿದ್ದರೆ ವಾಲ್ಯೂಮ್ ಶುರುವಿನಲ್ಲೇ ನಿಲ್ಲಿಸಬೇಕಾಗುತ್ತದೆ. ಆ ಜಾಗದಲ್ಲಿ ಎಡ ಬಲ ಸಮ ಇರುವುದಿಲ್ಲ, ಗಾಯಕರು ಒಂದು ಕಿವಿಗೆ ಸರಿದಂತೆ ಕೇಳುತ್ತದೆ.

ಔಟ್‌ಪುಟ್ ಇಂಪೀಡೆನ್ಸ್ ಬರೆಯದ ಕಂಪನಿಗಳು ಬಹಳ. ಅಳೆದುಕೊಳ್ಳುವುದು ಕಷ್ಟವಲ್ಲ: ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ 33 ಓಮ್‌ನ ಅರ್ಧ ವ್ಯಾಟ್ ರೆಸಿಸ್ಟರ್, ಒಂದು 3.5 ಎಂಎಂ ಪ್ಲಗ್ ಮತ್ತು ಮಲ್ಟಿಮೀಟರ್ ಸಿಗುತ್ತವೆ. ಮೀಟರ್ ಕೊಳ್ಳುವಾಗ ಎಸಿ ವಿಭಾಗದಲ್ಲಿ 2 ವೋಲ್ಟ್ ರೇಂಜ್ ಇದೆಯೇ ನೋಡಿ. ತೀರಾ ಅಗ್ಗದ ಮೀಟರ್‌ಗಳಲ್ಲಿ ಎಸಿ 200 ವೋಲ್ಟ್‌ನಿಂದಲೇ ಶುರುವಾಗುತ್ತದೆ, ಈ ಕೆಲಸಕ್ಕೆ ಬಾರದು. ಫೋನಿನಲ್ಲಿ 100 ಹರ್ಟ್ಸ್‌ನ ಸೈನ್ ಟೋನ್ ಹಾಕಿ, ಆಂಪ್‌ನ ಔಟ್‌ಪುಟ್‌ಗೆ ಮೀಟರ್ ಬಿಟ್ಟು ಏನೂ ಜೋಡಿಸದೆ ಸುಮಾರು 0.5 ವೋಲ್ಟ್ ಬರುವಂತೆ ಮಾಡಿ. ವಾಲ್ಯೂಮ್ ಮುಟ್ಟದೆ ರೆಸಿಸ್ಟರ್ ಜೋಡಿಸಿ ಮತ್ತೆ ಓದಿ. ಮೊದಲ ಓದನ್ನು ಎರಡನೆಯದರಿಂದ ಭಾಗಿಸಿ, ಒಂದು ಕಳೆದು, 33ರಿಂದ ಗುಣಿಸಿ. 0.500 ಇದ್ದದ್ದು 0.485ಕ್ಕೆ ಇಳಿದರೆ 1 ಓಮ್, 0.470ಕ್ಕೆ ಇಳಿದರೆ 2 ಓಮ್. ಹಾಗೇ ಟೋನ್ ನಿಲ್ಲಿಸಿ ಡಿಸಿ ವೋಲ್ಟೇಜನ್ನೂ ನೋಡಿಬಿಡಿ. 50 ಮಿಲಿವೋಲ್ಟ್ ದಾಟಿದ ಆಂಪ್‌ಗೆ ದುಬಾರಿ ಹೆಡ್‌ಫೋನ್ ಚುಚ್ಚಬೇಡಿ.

ಬ್ಯಾಲೆನ್ಸ್ಡ್ ಔಟ್‌ಪುಟ್ ಇರುವವರು ಒಂದು ವಿಷಯದಲ್ಲಿ ಮೈಯೆಲ್ಲ ಕಣ್ಣಾಗಿರಬೇಕು. ಆಂಪ್‌ನ 4.4 ಎಂಎಂ ತೂತಿಗೆ ಅಡಾಪ್ಟರ್ ಹಾಕಿ ಸಾಮಾನ್ಯ 3.5 ಎಂಎಂ ಹೆಡ್‌ಫೋನ್ ಸಿಕ್ಕಿಸಬಾರದು. ಎಡ ಬಲಗಳ ಮೈನಸ್ ತಂತಿಗಳು ಅಲ್ಲಿ ಒಳಗಿನ ಬೇರೆ ಬೇರೆ ಆಂಪ್ ಸರ್ಕ್ಯೂಟ್‌ಗಳಿಂದ ಬರುತ್ತವೆ; ಅಡಾಪ್ಟರ್ ಅವೆರಡನ್ನೂ ಸೇರಿಸಿ ಶಾರ್ಟ್ ಮಾಡುತ್ತದೆ, ಚಿಪ್ ಸುಟ್ಟುಹೋಗಬಹುದು. 4.4 ಕೇಬಲಿನ ಹೆಡ್‌ಫೋನನ್ನು 3.5 ತೂತಿಗೆ ಇಳಿಸುವ ಅಡಾಪ್ಟರ್‌ನಿಂದ ಅಪಾಯವಿಲ್ಲ.

ಆಪಲ್‌ನ ಯುಎಸ್‌ಬಿ-ಸಿ ಡಾಂಗಲ್ ಹಲವು ಆಂಡ್ರಾಯ್ಡ್ ಫೋನುಗಳಲ್ಲಿ ಪೂರ್ತಿ 1 ವೋಲ್ಟ್ ಕೊಡುವುದಿಲ್ಲ, ಡಾಂಗಲಿನೊಳಗಿನ ವಾಲ್ಯೂಮ್ ಅರ್ಧದಲ್ಲೇ ನಿಂತಿರುತ್ತದೆ. ಇನ್ನು, ತೆರೆದ ಬೆನ್ನಿನ ಹೆಡ್‌ಫೋನ್ ಹಾಕಿಕೊಂಡು ನಮ್ಮ ಮೆಟ್ರೋ ಹತ್ತುವವರಿಗೆ ಯಾವ ಆಂಪ್ ಕೊಡಿಸಿದರೂ ಫಲವಿಲ್ಲ. ಹೊರಗಿನ ಸದ್ದು ನೇರ ಒಳಗೆ ಬರುತ್ತದೆ, ಅದನ್ನು ಮೀರಿಸಲು ವಾಲ್ಯೂಮ್ ಏರಿಸಿದರೆ ಕಿವಿ ಕೆಡುತ್ತದೆ. ಆ ದುಡ್ಡಲ್ಲಿ ಪ್ರಯಾಣಕ್ಕೆ ಒಂದು ಜೊತೆ ಇಯರ್‌ಫೋನ್ ಕೊಳ್ಳಿ.

ಅಂಗಡಿಯಲ್ಲಿ ಎರಡು ಆಂಪ್ ಹೋಲಿಸುವಾಗ ಮಲ್ಟಿಮೀಟರ್ ಜೊತೆಗಿರಲಿ. ತುಸು ಜೋರಾಗಿರುವುದೇ ಕಿವಿಗೆ ಚೆನ್ನಾಗಿ ಕೇಳುತ್ತದೆ, ಒಂದು ಡೆಸಿಬೆಲ್ ಹೆಚ್ಚಿದ್ದರೂ ಸಾಕು. ಆ ಟೋನನ್ನೇ ಹಾಕಿ, ಹೆಡ್‌ಫೋನ್ ಜೋಡಿಸಿದ ಸ್ಥಿತಿಯಲ್ಲೇ ಎರಡರ ವೋಲ್ಟೇಜೂ ನೂರಕ್ಕೆ ಒಂದರಷ್ಟು ಹತ್ತಿರ ಬರುವಂತೆ ಮಾಡಿ, ಆಮೇಲೆ ಸಂಗೀತ ಹಾಕಿಸಿ.